ಲಾಭವೂ ಹೊಣೆಯೂ

ತೂಕದಲ್ಲಿ ಮೋಸ ಮಾಡಿದ ಅಂಗಡಿಕಾರನು ಮರುಸಂತೆಯಲ್ಲಿ ಅದೇ ಗಿರಾಕಿಯ ಮುಖವನ್ನು ನೋಡಬೇಕಾಗಿತ್ತು. ಕೊಡುವವನಿಗೂ ಕೊಳ್ಳುವವನಿಗೂ ಇದ್ದ ಈ ಮುಖಪರಿಚಯವೇ ಹಳೆಯ ಕಾಲದ ವ್ಯಾಪಾರಕ್ಕೊಂದು ಕಡಿವಾಣವಾಗಿತ್ತು. ಇಂದು ಬಂಡವಾಳ ಹೂಡುವವನು ಒಂದು ದೇಶದಲ್ಲಿರುತ್ತಾನೆ, ದುಡಿಯುವವನು ಇನ್ನೊಂದು ದೇಶದಲ್ಲಿ. ಕಾರ್ಖಾನೆಯ ಗೋಡೆಯಾಚೆ ಮಲಗುವ ಬಡವನಂತೂ ಇವರಿಬ್ಬರ ಲೆಕ್ಕಕ್ಕೂ ಬರುವುದಿಲ್ಲ. ಮುಖ ಕಾಣದಾದಾಗ ಮನಸ್ಸಾಕ್ಷಿಯೂ ಮಂಕಾಗುವುದೇ? ಈ ಪ್ರಶ್ನೆಗೆ ಭೋಪಾಲವು ಕೊಟ್ಟ ಉತ್ತರ ಭಯಂಕರವಾದುದು.

1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ತೊಟ್ಟಿಯೊಂದಕ್ಕೆ ನೀರು ಸೇರಿ, ಸುಮಾರು 40 ಟನ್ ಮೀಥೈಲ್ ಐಸೊಸೈಯನೇಟ್ ವಿಷಾನಿಲವು ನಿದ್ರಿಸುತ್ತಿದ್ದ ಊರಿನ ಮೇಲೆ ಹರಡಿತು. ಸಾವಿರಾರು ಜನರು ಸತ್ತರು. ಲಕ್ಷಾಂತರ ಜನರು ಅದರ ಬಾಧೆಗೆ ಒಳಗಾದರು. ಇದನ್ನು ವಿಧಿಯ ಆಟವೆಂದು ಕೈತೊಳೆದುಕೊಳ್ಳುವಂತಿಲ್ಲ. ಆ ದ್ರವವನ್ನು ತಂಪಾಗಿಡಬೇಕಾದ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರವು ದುರಸ್ತಿಗಾಗಿ ಕಾದು ನಿಂತಿತ್ತು. ಖರ್ಚು ತಗ್ಗಿಸಲೆಂದು ಕೆಲಸಗಾರರ ಸಂಖ್ಯೆಯನ್ನೂ ಇಳಿಸಲಾಗಿತ್ತು. 1982ರಲ್ಲಿಯೇ ಕಂಪನಿಯ ಅಮೆರಿಕದ ತಜ್ಞರು ಬಂದು ಪರೀಕ್ಷಿಸಿ ದೋಷಗಳನ್ನು ಬರೆದುಕೊಟ್ಟಿದ್ದರು. ಅದೇ ವರ್ಷ ಪತ್ರಕರ್ತ ರಾಜಕುಮಾರ ಕೇಸ್ವಾನಿಯವರು ಊರಿನವರನ್ನು ಎಚ್ಚರಿಸಿ ಬರೆದಿದ್ದರು. ಕಿವಿಗೊಟ್ಟವರಿಲ್ಲ. ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದುಕೊಳ್ಳಬೇಕೆಂಬ ಒಂದು ಮಾತನ್ನಾದರೂ ನೆರೆಹೊರೆಯವರಿಗೆ ಮೊದಲೇ ತಿಳಿಸಿದ್ದರೆ ಎಷ್ಟೋ ಪ್ರಾಣಗಳು ಉಳಿಯಬಹುದಾಗಿತ್ತು. ಆ ಮಾತಿಗೆ ಕಾಸಿನ ಖರ್ಚೂ ಇರಲಿಲ್ಲ.

ಆಮೇಲಿನ ಕಥೆಯೂ ಹಿತವಾದುದಲ್ಲ. 1989ರಲ್ಲಿ 47 ಕೋಟಿ ಡಾಲರ್‌ಗಳಿಗೆ ರಾಜಿಯಾಯಿತು; ಬಾಧಿತರಲ್ಲಿ ಬಹುಪಾಲಿನವರಿಗೆ ಮೊದಲು ಕೈಸೇರಿದ್ದು ತಲಾ ಸುಮಾರು 25,000 ರೂಪಾಯಿ. ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷಗಳ ಸಜೆ ವಿಧಿಸಿದ್ದು 2010ರಲ್ಲಿ. ಕಾರ್ಖಾನೆಯಲ್ಲಿ ಬಿದ್ದಿದ್ದ 337 ಟನ್ ವಿಷತ್ಯಾಜ್ಯವನ್ನು ಅಲ್ಲಿಂದ ಸಾಗಿಸಿದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷಗಳು ಕಳೆದ ಮೇಲೆ!

ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನವನ್ನು ನೋಡೋಣ. 1982ರಲ್ಲಿ ಅಮೆರಿಕದ ಶಿಕಾಗೋ ಪ್ರದೇಶದಲ್ಲಿ ಯಾರೋ ದುರುಳರು ಟೈಲೆನಾಲ್ ಎಂಬ ನೋವಿನ ಗುಳಿಗೆಗಳಲ್ಲಿ ಸಯನೈಡ್ ಬೆರೆಸಿದುದರಿಂದ ಏಳು ಜನರು ಸತ್ತರು. ತಯಾರಿಸಿದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯು ವಿಷ ಬೆರೆಸಿರಲಿಲ್ಲ. ಆದರೂ ಅದು ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದು, 10 ಕೋಟಿ ಡಾಲರ್‌ಗಳಿಗೂ ಮಿಕ್ಕ ನಷ್ಟವನ್ನು ಹೊತ್ತುಕೊಂಡಿತು. ಗ್ರಾಹಕರ ನಂಬಿಕೆಯು ಮರಳಿತು.

ನಮ್ಮಲ್ಲಿಯೂ 1986ರ ಡಿಸೆಂಬರಿನಲ್ಲಿ, ದೆಹಲಿಯ ಅನಿಲಸೋರಿಕೆಯ ಮೊಕದ್ದಮೆಯೊಂದರಲ್ಲಿ, ಸುಪ್ರೀಂ ಕೋರ್ಟು ಒಂದು ಮಹತ್ವದ ತತ್ತ್ವವನ್ನು ಸಾರಿತು: ಅಪಾಯಕರ ಉದ್ಯಮವನ್ನು ನಡೆಸುವವರು ತಾವು ಎಚ್ಚರ ವಹಿಸಿದ್ದೆವೆಂಬ ನೆಪದಿಂದ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ಸರಕಿನಿಂದಾದ ಹಾನಿಗೆ ತಯಾರಕರನ್ನು ಹೊಣೆಯಾಗಿಸಿದೆ. ಆದರೆ ಕಾನೂನು ಬರುವುದು ಹೆಣ ಬಿದ್ದ ಮೇಲೆ. ವಿವೇಕವು ಮೊದಲೇ ಬರಬೇಕು.

ನಮ್ಮ ಮನೆತನಗಳಲ್ಲಿಯೂ ಗಿರಣಿ, ಅಂಗಡಿ, ಕಾರ್ಖಾನೆಗಳನ್ನು ನಡೆಸುವವರು ಬಹಳ ಮಂದಿ ಇದ್ದಾರೆ. ವರ್ಷದ ಲೆಕ್ಕಪುಸ್ತಕವನ್ನು ಮುಚ್ಚುವ ಮೊದಲು ಅವರು ತಮ್ಮನ್ನೇ ಕೇಳಿಕೊಳ್ಳಲಿ: ಈ ಲಾಭದಲ್ಲಿ ಆಳಿನ ಕೈಗವಸಿಗೆ, ಯಂತ್ರದ ದುರಸ್ತಿಗೆ, ಸರಕಿನ ಪರೀಕ್ಷೆಗೆ ತೆಗೆದಿಡಬೇಕಾಗಿದ್ದ ಹಣವೂ ಸೇರಿದೆಯೇ? ಸೇರಿದ್ದರೆ ಅದು ಗಳಿಕೆಯಲ್ಲ, ಇನ್ನೊಬ್ಬರ ಉಸಿರಿನಿಂದ ತಂದ ಸಾಲ. ಅಂತಹ ಹಣದಿಂದ ನಡೆಸಿದ ದಾಸೋಹವೂ ಆ ಸಾಲವನ್ನು ತೀರಿಸಲಾರದು.