ಮಲೇಷ್ಯಾ: ಬಾಗಿಲ ತೆರಿಗೆ ಉಂಟು, ಮತಪೆಟ್ಟಿಗೆ ಇಲ್ಲ

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಾವು 2026ರ ಜನವರಿ 15ರಂದು ಬಹುಕಾಲದ ನಂತರ ಮಹಾನಗರಪಾಲಿಕೆಗೆ ಮತ ಹಾಕಿದೆವು. 2022ರ ಮಾರ್ಚ್ ತಿಂಗಳಲ್ಲಿ ಹಿಂದಿನ ಸಭೆಯ ಅವಧಿ ಮುಗಿದಂದಿನಿಂದ ಹೆಚ್ಚುಕಡಿಮೆ ನಾಲ್ಕು ವರ್ಷ ಇಲ್ಲಿ ನಗರಸೇವಕರೆಂಬವರೇ ಇರಲಿಲ್ಲ. ಆಡಳಿತಾಧಿಕಾರಿಯ ಸಹಿಯೇ ಅಂತಿಮವಾಗಿತ್ತು. ಚೆನ್ನೈಯಲ್ಲಿರುವ ನಮ್ಮವರು 2016ರಿಂದ 2022ರ ವರೆಗೆ ಇದೇ ಸ್ಥಿತಿಯನ್ನು ಕಂಡವರು. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಳು ಉರುಳಿದವು. 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು, ಆಗಲೂ ಚುನಾಯಿತ ಸಭೆ ಇರಲಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ, ಗಟಾರ ಕಟ್ಟಿಕೊಂಡರೆ, ಬೀದಿದೀಪ ಆರಿದರೆ ಹೆಸರು ಹಿಡಿದು ಕೇಳಬಹುದಾದ ಒಬ್ಬ ಮನುಷ್ಯ ಇಲ್ಲದಿರುವುದು ಎಂದರೆ ಏನೆಂದು ನಮಗೆ ಅಷ್ಟಿಷ್ಟು ತಿಳಿದಿದೆ.

ನಮ್ಮದು ನಾಲ್ಕಾರು ವರ್ಷಗಳ ಮಾತು. ಇದೇ ಸ್ಥಿತಿಯಲ್ಲಿ ಅರುವತ್ತು ವರ್ಷ ಕಳೆದ ದೇಶವೊಂದಿದೆ, ಮಲೇಷ್ಯಾ. ಲೋಕಸಭೆಯಂಥ ಸಂಸತ್ತಿಗೆ ಅಲ್ಲಿ ಚುನಾವಣೆ ನಡೆಯುತ್ತದೆ. ರಾಜ್ಯಗಳ ಶಾಸನಸಭೆಗಳಿಗೂ ನಡೆಯುತ್ತದೆ. ಆದರೆ 1965ರಿಂದೀಚೆಗೆ ಅಲ್ಲಿನ ನಗರಸಭೆ, ಪುರಸಭೆ, ಜಿಲ್ಲಾಮಂಡಳಿಗಳಿಗೆ ಚುನಾವಣೆಯೇ ನಡೆದಿಲ್ಲ. ಇಂಥ ಸಂಸ್ಥೆಗಳು ಅಲ್ಲಿ ನೂರೈವತ್ತಕ್ಕೂ ಹೆಚ್ಚು ಇವೆ. ಒಂದರಲ್ಲಿಯೂ ಜನ ಆರಿಸಿದ ಸದಸ್ಯನಿಲ್ಲ.

ಕೌಲಾಲಂಪುರದ ಪಕ್ಕದ ಪೆಟಾಲಿಂಗ್ ಜಯದಲ್ಲಿ ಸ್ವಂತ ಮನೆಯಿರುವ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳೋಣ. ವರ್ಷಕ್ಕೆ ಎರಡು ಬಾರಿ, ಫೆಬ್ರವರಿ ಮತ್ತು ಆಗಸ್ಟ್ ಮುಗಿಯುವುದರೊಳಗೆ, ಆತ ನಗರಸಭೆಗೆ ಮನೆತೆರಿಗೆ ಕಟ್ಟಬೇಕು. ಮಲಯ ಭಾಷೆಯ ಆಡುಮಾತಿನಲ್ಲಿ ಇದಕ್ಕೆ ‘ಚುಕಾಯ್ ಪಿಂತು’ ಎಂದು ಹೆಸರು. ಎಂದರೆ ಬಾಗಿಲ ತೆರಿಗೆ. ಆತನ ಮನೆಯೆದುರಿನ ಚರಂಡಿ, ಹಿಂಬದಿಯ ಓಣಿ, ಮೂಲೆಯ ತಿಂಡಿಗಾಡಿಯ ಪರವಾನಗಿ, ಪಕ್ಕದ ಖಾಲಿ ನಿವೇಶನದಲ್ಲಿ ಏಳಲಿರುವ ಬಹುಮಹಡಿ ಕಟ್ಟಡದ ಅನುಮತಿ, ವಾಹನ ನಿಲ್ಲಿಸಿದ್ದಕ್ಕೆ ಬೀಳುವ ದಂಡ ಎಲ್ಲವೂ ನಗರಸಭೆಯ ಕೈಯಲ್ಲಿವೆ. ಆ ನಗರಸಭೆಯ ಸದಸ್ಯರನ್ನು ನೇಮಿಸುವುದು ರಾಜ್ಯ ಸರಕಾರ. 1976ರ ಕಾಯಿದೆಯ ಪ್ರಕಾರ ಒಂದು ಸಂಸ್ಥೆಗೆ ಎಂಟರಿಂದ ಇಪ್ಪತ್ತನಾಲ್ಕು ಮಂದಿ ಸದಸ್ಯರು. ಒಂದು ನೇಮಕದ ಅವಧಿ ಮೂರು ವರ್ಷಗಳನ್ನು ಮೀರುವಂತಿಲ್ಲ. ಆಳುವ ಮೈತ್ರಿಕೂಟದ ಪಕ್ಷಗಳು ಈ ಸ್ಥಾನಗಳನ್ನು ತಮ್ಮತಮ್ಮೊಳಗೆ ಪಾಲು ಹಂಚಿಕೊಳ್ಳುವುದು ವಾಡಿಕೆ.

ಚರಂಡಿ ಕಟ್ಟಿತೆನ್ನಿ. ನಮ್ಮ ಗೃಹಸ್ಥನಿಗೆ ತನ್ನ ಬಡಾವಣೆಯನ್ನು ಯಾವ ಸದಸ್ಯನಿಗೆ ವಹಿಸಿದ್ದಾರೆಂಬುದು ಬಹುಶಃ ಗೊತ್ತಿರುವುದಿಲ್ಲ. ಆದ್ದರಿಂದ ಆತ ಶಾಸಕನ ಬಳಿಗೆ ಹೋಗುತ್ತಾನೆ, ಇಲ್ಲವೇ ಸಂಸತ್ ಸದಸ್ಯನ ಬಳಿಗೆ. ದೇಶದ ಕಾನೂನು ಮಾಡಬೇಕಾದವನು ಹೀಗೆ ಚರಂಡಿಯ ದೂರು ಕೇಳುತ್ತ ಕೂರುತ್ತಾನೆ. ಇಂಥ ಸಣ್ಣಪುಟ್ಟ ಕೆಲಸಗಳಿಗೆ ಸಂಸತ್ ಸದಸ್ಯರಿಗೆ ಸರಕಾರದಿಂದ ಕ್ಷೇತ್ರಾನುದಾನ ಬರುತ್ತದೆ. ಆದರೆ ವಿರೋಧ ಪಕ್ಷದವರಿಗೆ ಅದು ಸರಿಯಾಗಿ ಸಿಗುವುದಿಲ್ಲವೆಂಬುದು ಅಲ್ಲಿನ ಹಳೆಯ ದೂರು. ನಿನ್ನೆಯ ವಿರೋಧ ಪಕ್ಷ ಇಂದು ಅಧಿಕಾರಕ್ಕೆ ಬಂದರೂ ಈ ದೂರು ತಪ್ಪಿಲ್ಲ, ದೂರುವವರು ಬದಲಾಗಿದ್ದಾರೆ ಅಷ್ಟೆ. ಹಲವು ರಾಜ್ಯಗಳಲ್ಲಿ 2011ರಿಂದ ಕಸ ವಿಲೇವಾರಿಯನ್ನು ಕೇಂದ್ರದ ಕಾನೂನಿನಡಿ ಖಾಸಗಿ ಕಂಪೆನಿಗಳಿಗೆ ವಹಿಸಲಾಗಿದೆ. ಅಲ್ಲಿ ಕಸದ ದೂರಿಗೆ ಬಾಗಿಲೇ ಬೇರೆ.

ಕೌಲಾಲಂಪುರದ ನಿವಾಸಿಯ ಪಾಡು ಇನ್ನೂ ವಿಚಿತ್ರ. 1974ರಲ್ಲಿ ಆ ನಗರವನ್ನು ಸೆಲಂಗೋರ್ ರಾಜ್ಯದಿಂದ ಬೇರ್ಪಡಿಸಿ ಕೇಂದ್ರಾಡಳಿತ ಪ್ರದೇಶ ಮಾಡಲಾಯಿತು. ಅಂದಿನಿಂದ ಆ ನಗರಕ್ಕೆ ಶಾಸನಸಭೆಯೂ ಇಲ್ಲ. ನಗರದಿಂದ 11 ಮಂದಿ ಸಂಸತ್ತಿಗೆ ಆರಿಸಿ ಹೋಗುತ್ತಾರೆ, ಆದರೆ ನಗರವನ್ನು ನಡೆಸುವ ಮೇಯರರನ್ನು ನೇಮಿಸುವುದು ಕೇಂದ್ರ ಸರಕಾರ. ಐದು ವರ್ಷಕ್ಕೊಮ್ಮೆ ಒಂದೇ ಒಂದು ಮತ ಹಾಕಿದರೆ ರಾಜಧಾನಿಯ ನಾಗರಿಕನ ಪ್ರಜಾಪ್ರಭುತ್ವದ ಕೆಲಸ ಮುಗಿಯಿತು. ದಿಲ್ಲಿಯಲ್ಲಿರುವ ನಮ್ಮ ಓದುಗರು ಶಾಸನಸಭೆಯ ಅಧಿಕಾರ ಸಾಲದೆಂದು ಕೊರಗುವುದುಂಟು. ಅವರಿಗೆ ಪಾಲಿಕೆಯೂ ಉಂಟು, ಶಾಸನಸಭೆಯೂ ಉಂಟು ಎಂಬುದನ್ನು ಇಲ್ಲಿ ನೆನೆಯಬಹುದು.

ಮೊದಲಿನಿಂದಲೂ ಹೀಗಿರಲಿಲ್ಲ. ಪೆನಾಂಗಿನ ಜಾರ್ಜ್ ಟೌನ್‌ನಲ್ಲಿ ಬ್ರಿಟಿಷರ ಕಾಲದಲ್ಲಿ, 1857ರಷ್ಟು ಹಿಂದೆಯೇ, ಪುರಸಭೆಗೆ ಚುನಾವಣೆ ನಡೆದಿತ್ತು. ನಡುವೆ ನಿಂತುಹೋದದ್ದು ಎರಡನೆಯ ಮಹಾಯುದ್ಧದ ನಂತರ, 1951ರಲ್ಲಿ, ಮತ್ತೆ ಆರಂಭವಾಯಿತು. ಮರುವರ್ಷ ಕೌಲಾಲಂಪುರದಲ್ಲಿ ನಡೆಯಿತು. ಮಲಯರ ಪಕ್ಷವೂ ಚೀನೀಯರ ಪಕ್ಷವೂ ಕೈಜೋಡಿಸಿದ್ದು ಮೊದಲಿಗೆ ಆ ನಗರಸಭಾ ಚುನಾವಣೆಯಲ್ಲಿಯೇ. ಮುಂದೆ ಸ್ವಾತಂತ್ರ್ಯ ತಂದು ಅರುವತ್ತು ವರ್ಷ ದೇಶವಾಳಿದ ಮೈತ್ರಿಕೂಟದ ಬೇರು ಅಲ್ಲಿದೆ. 1957ರ ಜನವರಿ 1ರಂದು ಜಾರ್ಜ್ ಟೌನ್ ಮಹಾನಗರದ ಪದವಿ ಪಡೆದಾಗ ಅದರ ಮೊದಲ ಮೇಯರ್ ಆದವರು ಭಾರತೀಯ ಮೂಲದ ಡಿ. ಎಸ್. ರಾಮನಾಥನ್, ಕಾರ್ಮಿಕ ಪಕ್ಷದವರು. ಆ ನಗರದಲ್ಲಿ ಅವರ ಹೆಸರಿನ ರಸ್ತೆಯೊಂದು ಇಂದಿಗೂ ಇದೆ.

1965ರಲ್ಲಿ ಇಂಡೋನೇಷ್ಯಾದೊಡನೆ ಸಂಘರ್ಷ ನಡೆಯುತ್ತಿತ್ತು. ಆ ಕಾರಣ ಹೇಳಿ ಮಾರ್ಚ್ 1ರಂದು ಸರಕಾರ ಸ್ಥಳೀಯ ಚುನಾವಣೆಗಳನ್ನು ಅಮಾನತಿನಲ್ಲಿಟ್ಟಿತು. ಶಾಂತಿ ನೆಲೆಸಿದೊಡನೆ ಮತ್ತೆ ನಡೆಸುವೆವೆಂದು ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಮಾತು ಕೊಟ್ಟಿದ್ದರು. ಸಂಘರ್ಷ ಮರುವರ್ಷವೇ ಮುಗಿಯಿತು. ಆದರೆ ಅದೇ 1966ರಲ್ಲಿ ಜಾರ್ಜ್ ಟೌನ್ ನಗರಸಭೆಯ ಅಧಿಕಾರವನ್ನೇ ರಾಜ್ಯ ಸರಕಾರ ತನ್ನ ಕೈಗೆ ತೆಗೆದುಕೊಂಡಿತು. ದೊಡ್ಡ ನಗರಗಳಲ್ಲಿ ವಿರೋಧ ಪಕ್ಷಗಳ ಬಲ ಬೆಳೆಯುತ್ತಿತ್ತೆಂಬುದನ್ನು ಮರೆಯುವಂತಿಲ್ಲ. ಸೆನೆಟರ್ ಅತಿ ನಾಹಪ್ಪನ್ ಅವರ ಅಧ್ಯಕ್ಷತೆಯ ರಾಯಲ್ ಆಯೋಗ ವರ್ಷಗಳ ಕಾಲ ವಿಚಾರಿಸಿ, 1968ರ ಕೊನೆಗೆ ವರದಿ ಒಪ್ಪಿಸಿತು. ಸ್ಥಳೀಯ ಸಂಸ್ಥೆಗಳು ಚುನಾಯಿತವಾಗಿಯೇ ಇರಬೇಕೆಂದು ಅದರ ಶಿಫಾರಸು. ಅಧ್ಯಕ್ಷರು ಆಳುವ ಮೈತ್ರಿಕೂಟದವರೇ ಆಗಿದ್ದರೂ ಸರಕಾರ ಆ ಮಾತನ್ನು ಒಪ್ಪಲಿಲ್ಲ. ಕೊನೆಗೆ 1976ರ ಸ್ಥಳೀಯ ಆಡಳಿತ ಕಾಯಿದೆಯ 15ನೆಯ ಕಲಮು ಚುನಾವಣೆಯ ಕಥೆಯನ್ನು ಮುಗಿಸಿತು. ತಾತ್ಕಾಲಿಕವೆಂದು ತಂದದ್ದು ಶಾಶ್ವತವಾಯಿತು.

ಯುದ್ಧದ ಕಾರಣ ಮರೆಗೆ ಸರಿದ ಮೇಲೆ ಬಂದದ್ದು ಜನಾಂಗದ ಕಾರಣ. ನಗರಗಳಲ್ಲಿ ಚೀನೀಯರು ಹೆಚ್ಚು, ಹಳ್ಳಿಗಳಲ್ಲಿ ಮಲಯರು ಹೆಚ್ಚು. ನಗರಸಭೆಗಳಿಗೆ ಚುನಾವಣೆ ನಡೆದರೆ ಜನಾಂಗಗಳ ನಡುವಿನ ಬಿರುಕು ದೊಡ್ಡದಾದೀತು, 1969ರ ಮೇ 13ರ ಗಲಭೆ ಮರುಕಳಿಸೀತು ಎಂಬ ವಾದವನ್ನು ಅಲ್ಲಿನ ಹಲವು ನಾಯಕರು ಇಂದಿಗೂ ಮುಂದಿಡುತ್ತಾರೆ. ಇದನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆ ಗಲಭೆಯಲ್ಲಿ ಕೌಲಾಲಂಪುರದ ಬೀದಿಗಳಲ್ಲಿ ರಕ್ತ ಹರಿದದ್ದು ನಿಜ, ಅದರ ಭಯ ಮನೆಮನೆಗಳಲ್ಲಿ ಉಳಿದಿರುವುದೂ ನಿಜ. 1992-93ರ ಮುಂಬಯಿಯನ್ನು ಕಂಡವರಿಗೆ ಈ ಭಯದ ಪರಿಚಯ ಬೇರೆ ಬೇಕಾಗಿಲ್ಲ.

ಆದರೆ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ವಾದ ನಿಲ್ಲುವುದಿಲ್ಲ. ನಗರಸಭಾ ಚುನಾವಣೆ ನಿಂತದ್ದು 1965ರಲ್ಲಿ, ಗಲಭೆ ನಡೆದದ್ದು ನಾಲ್ಕು ವರ್ಷಗಳ ಅನಂತರ. ಅದಕ್ಕೆ ಹತ್ತಿರದ ನೆಪವಾದದ್ದು ಸಂಸತ್ತಿನ ಹಾಗೂ ರಾಜ್ಯ ಶಾಸನಸಭೆಗಳ ಚುನಾವಣೆಯ ಫಲಿತಾಂಶ. ಗಲಭೆಯ ನಂತರ ಅಮಾನತಾದ ಸಂಸತ್ತು 1971ರಲ್ಲಿ ಮತ್ತೆ ಸೇರಿತು, ಅದನ್ನು ಯಾರೂ ರದ್ದುಮಾಡಲಿಲ್ಲ. ಗಲಭೆಗೆ ಸಂಬಂಧವೇ ಇಲ್ಲದ ನಗರಸಭೆಯ ಮತ ಮಾತ್ರ ಶಿಕ್ಷೆ ಅನುಭವಿಸಿತು. ಅಲ್ಲದೆ ನಗರಗಳೂ ಅಂದಿನಂತೆ ಉಳಿದಿಲ್ಲ. ಎಪ್ಪತ್ತರ ದಶಕದಿಂದ ಹಳ್ಳಿಗಳ ಮಲಯರು ಓದಿಗಾಗಿ, ನೌಕರಿಗಾಗಿ ದೊಡ್ಡ ಸಂಖ್ಯೆಯಲ್ಲಿ ನಗರಗಳಿಗೆ ಬಂದರು. 2020ರ ಜನಗಣತಿಯಲ್ಲಿ ಕೌಲಾಲಂಪುರದಲ್ಲಿಯೇ ಅವರ ಸಂಖ್ಯೆ ಚೀನೀಯರಿಗಿಂತ ಹೆಚ್ಚು. ಚರಂಡಿ ಕಟ್ಟಿಕೊಳ್ಳುವುದಕ್ಕೆ ಜನಾಂಗಭೇದವಿಲ್ಲ.

2008ರ ಮಾರ್ಚ್ 8ರ ಚುನಾವಣೆಯಲ್ಲಿ ವಿರೋಧ ಪಕ್ಷಗಳು ಐದು ರಾಜ್ಯಗಳನ್ನು ಗೆದ್ದಾಗ, ‘ಮೂರನೆಯ ಮತ’ ಮರಳಿ ಬರುವುದೆಂದು ನಾಗರಿಕರು ನಂಬಿದರು. ಒಂದನೆಯ ಮತ ಸಂಸತ್ತಿಗೆ, ಎರಡನೆಯದು ಶಾಸನಸಭೆಗೆ, ಮೂರನೆಯದು ನಗರಸಭೆಗೆ ಎಂಬ ಲೆಕ್ಕ. ಪೆನಾಂಗ್ ಸರಕಾರ 2012ರಲ್ಲಿ ಅದಕ್ಕಾಗಿ ಒಂದು ಕಾನೂನನ್ನೂ ಮಾಡಿತು. ಇದು ರಾಜ್ಯದ ಅಧಿಕಾರದೊಳಗಿನ ವಿಷಯವಲ್ಲವೆಂದು 2014ರ ಆಗಸ್ಟ್ ತಿಂಗಳಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಕೇಂದ್ರದಲ್ಲಿ ಅಧಿಕಾರ ಬಂದರೆ ಮಾಡುತ್ತೇವೆ ಎಂದಾಯಿತು. 2018ರ ಮೇ ತಿಂಗಳಲ್ಲಿ ಅದೂ ಬಂದಿತು. ಮೂರು ವರ್ಷಗಳೊಳಗೆ ಚುನಾವಣೆ ಎಂದು ಖಾತೆಯ ಸಚಿವೆ ಜುರೈದಾ ಕಮರುದ್ದೀನ್ ಹೇಳುತ್ತಿದ್ದಂತೆಯೇ, ಡಿಸೆಂಬರಿನಲ್ಲಿ ಪ್ರಧಾನಿ ಮಹಾತಿರ್ ಮೊಹಮ್ಮದ್ ಜನಾಂಗಗಳ ಘರ್ಷಣೆಯ ಮಾತೆತ್ತಿ ತಣ್ಣೀರು ಎರಚಿದರು. 2020ರ ಫೆಬ್ರವರಿಯಲ್ಲಿ ಆ ಸರಕಾರವೇ ಉರುಳಿತು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಯಾವ ದೇಶದ ರಾಜಕಾರಣಕ್ಕೂ ಹೊಂದುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಜನಾಂಗದ ಭಯಕ್ಕಿಂತ ಅನುಕೂಲದ ಪಾಲು ದೊಡ್ಡದು. ರಾಜ್ಯದಲ್ಲಿ ಗೆದ್ದ ಪಕ್ಷಕ್ಕೆ ನಗರಸಭೆಗಳ ಸ್ಥಾನಗಳು ಕಾರ್ಯಕರ್ತರಿಗೆ ಹಂಚಲು ಸಿದ್ಧವಾಗಿರುವ ಪ್ರಸಾದದಂತೆ. 2008ರ ನಂತರ ಕೆಲವೆಡೆ ಸ್ವಯಂಸೇವಾ ಸಂಸ್ಥೆಗಳವರಿಗೂ ಕೆಲವು ಸ್ಥಾನ ಸಿಕ್ಕವು, ಇದು ಮೆಚ್ಚಬೇಕಾದದ್ದೇ. ಆದರೆ ಕೊಟ್ಟವನು ಹಿಂತೆಗೆದುಕೊಳ್ಳಬಹುದಾದದ್ದನ್ನು ಹಕ್ಕು ಎನ್ನಲು ಬರುವುದಿಲ್ಲ.

ಮತವಿಲ್ಲದ ನಾಗರಿಕ ಕೊನೆಗೆ ಎಲ್ಲಿಗೆ ಹೋಗುತ್ತಾನೆ? ಕೌಲಾಲಂಪುರದ ತಮಾನ್ ತುನ್ ಡಾಕ್ಟರ್ ಇಸ್ಮಾಯಿಲ್ ಬಡಾವಣೆಯವರು ನ್ಯಾಯಾಲಯಕ್ಕೆ ಹೋದರು. ಅವರ ಮನೆಗಳ ಪಕ್ಕದಲ್ಲಿ ರಿಂಬಾ ಕಿಯಾರಾ ಎಂಬ ಸುಮಾರು 25 ಎಕರೆಯ ಸಾರ್ವಜನಿಕ ಉದ್ಯಾನವಿದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೆಲದಲ್ಲಿ ಗಗನಚುಂಬಿ ವಸತಿ ಕಟ್ಟಡಗಳನ್ನು ಕಟ್ಟಲು 2017ರ ಜುಲೈಯಲ್ಲಿ ಮೇಯರ್ ಅನುಮತಿ ನೀಡಿದರು. ನಗರದ ಯೋಜನಾ ನಕ್ಷೆಯಲ್ಲಿ ಆ ಜಾಗ ಹಸಿರು ಪ್ರದೇಶ. ಯೋಜನೆಯಲ್ಲಿ ಪಾಲುದಾರನಾಗಿದ್ದ ಸರಕಾರಿ ಪ್ರತಿಷ್ಠಾನದ ಧರ್ಮದರ್ಶಿಗಳಲ್ಲಿ ಅದೇ ಮೇಯರ್ ಒಬ್ಬರು! ಅನುಮತಿ ಬೇಡುವ ಪಾಳಯದಲ್ಲಿಯೂ ಅವರೇ, ಅನುಮತಿ ಕೊಡುವ ಕುರ್ಚಿಯಲ್ಲಿಯೂ ಅವರೇ. ಚುನಾಯಿತ ಸಭೆ ಇದ್ದಿದ್ದರೆ ಒಬ್ಬ ಸದಸ್ಯನಾದರೂ ಎದ್ದು ನಿಂತು ಈ ಪ್ರಶ್ನೆ ಕೇಳುತ್ತಿದ್ದನು. ಅದಿಲ್ಲದ್ದರಿಂದ ನಿವಾಸಿಗಳು ತಾವೇ ಹಣ ಕೂಡಿಸಿ ವಕೀಲರನ್ನಿಟ್ಟರು. 2018ರಲ್ಲಿ ಹೈಕೋರ್ಟಿನಲ್ಲಿ ಸೋತರು. 2021ರಲ್ಲಿ ಮೇಲ್ಮನವಿಯಲ್ಲಿ ಗೆದ್ದರು. 2023ರ ಏಪ್ರಿಲ್‌ನಲ್ಲಿ ಫೆಡರಲ್ ನ್ಯಾಯಾಲಯ ಆ ಗೆಲುವನ್ನು ಎತ್ತಿಹಿಡಿಯಿತು. ಯೋಜನಾ ನಕ್ಷೆಯಿಂದ ಸರಿಯುವಾಗ ಮೇಯರ್ ಕಾರಣ ಕೊಡಲೇಬೇಕೆಂದು ನ್ಯಾಯಾಲಯ ಹೇಳಿತು. ಕಾರಣ ಹೇಳಿರಿ ಎಂದು ಕೇಳಿಸಲಿಕ್ಕೆ ಆರು ವರ್ಷ ಹಿಡಿಯಿತು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಬಿಟ್ಟರೆ ಅನ್ಯಾಯವಾದೀತು. ಅಲ್ಲಿ ಹಿಂದೆ ರಬ್ಬರ್ ತೋಟವಿತ್ತು. ತೋಟದ ಕೂಲಿಗಳ ಕುಟುಂಬಗಳನ್ನು, ಬಹುಪಾಲು ತಮಿಳರನ್ನು, 1980ರ ದಶಕದ ಆರಂಭದಲ್ಲಿ ಉದ್ಯಾನದ ಅಂಚಿನ ಸಾಲುಮನೆಗಳಿಗೆ ‘ತಾತ್ಕಾಲಿಕ’ವಾಗಿ ಕಳಿಸಲಾಯಿತು. ನೂರರಷ್ಟು ಮನೆಗಳು, ತಲೆಮಾರು ಕಳೆದರೂ ಪಕ್ಕಾ ಮನೆಗಾಗಿ ಕಾದಿದ್ದವು. ಕಟ್ಟಡ ಯೋಜನೆಯಲ್ಲಿ ಅವರಿಗೂ ಮನೆ ಕೊಡುವ ಮಾತಿತ್ತು. ಹೀಗಾಗಿ ಉದ್ಯಾನ ಉಳಿಸಬೇಕೆಂದ ಮಧ್ಯಮವರ್ಗದವರೂ ಸೂರು ಬೇಕೆಂದ ಬಡವರೂ ನ್ಯಾಯಾಲಯದಲ್ಲಿ ಎದುರುಬದುರಾಗುವಂತಾಯಿತು. ನಿವಾಸಿಗಳಾದರೋ ಆ ಕುಟುಂಬಗಳಿಗೆ ಅಲ್ಲಿಯೇ ಮನೆ ಕಟ್ಟಿಕೊಡಲು ತಮ್ಮ ವಿರೋಧವಿಲ್ಲವೆಂದೇ ಹೇಳುತ್ತ ಬಂದರು. ಇಬ್ಬರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಒಂದು ದಾರಿ ಹುಡುಕುವ ಕೆಲಸವನ್ನು ನಮ್ಮ ಕಡೆ ಒಬ್ಬ ಚುರುಕಾದ ನಗರಸೇವಕ ಮಾಡುತ್ತಾನೆ, ಇಬ್ಬರ ಮತವೂ ಅವನಿಗೆ ಬೇಕಲ್ಲ! ಅಲ್ಲಿ ಆ ಗರಜು ಯಾರಿಗೂ ಇರಲಿಲ್ಲ.

ಚುನಾಯಿತ ಪಾಲಿಕೆಗಳು ಏನು ಘನಕಾರ್ಯ ಮಾಡಿವೆ ಎಂದು ನಮ್ಮನ್ನೇ ಯಾರಾದರೂ ಕೇಳಬಹುದು. ಕೌಲಾಲಂಪುರಕ್ಕೆ ಪ್ರವಾಸ ಹೋಗಿ ಬಂದವರು ಅಲ್ಲಿನ ರಸ್ತೆಗಳನ್ನು ಹೊಗಳಿ ನಮ್ಮ ಗುಂಡಿಗಳನ್ನು ಜರೆಯುವುದನ್ನು ನಾವೂ ಕೇಳಿದ್ದೇವೆ. ಮಾತು ಸುಳ್ಳಲ್ಲ. ನಮ್ಮಲ್ಲಿ 74ನೆಯ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ಅವಧಿ ಮುಗಿಯುವ ಮುನ್ನ ಚುನಾವಣೆ ನಡೆಯಬೇಕೆಂದು ಸಂವಿಧಾನವೇ ಹೇಳುತ್ತದೆ, ಆದರೂ ಮುಂಬಯಿ ನಾಲ್ಕು ವರ್ಷ ಕಾಯಬೇಕಾಯಿತು. ಕಾದು ಬಂದ ಮತವನ್ನು ಹಾಕಲು ಹೊರಟವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಒಳ್ಳೆಯ ರಸ್ತೆ ಒಳ್ಳೆಯ ಅಧಿಕಾರಿಯಿಂದಲೂ ಬಂದೀತು. ಆದರೆ ಆ ರಸ್ತೆ ಯಾರ ಮನೆಯ ಮೇಲೆ ಹಾದುಹೋಗಬೇಕು, ಯಾರ ಉದ್ಯಾನ ಯಾರಿಗೆ ಮಾರಾಟವಾಗಬೇಕು ಎಂಬ ಪ್ರಶ್ನೆ ಬಂದಾಗ ಅಧಿಕಾರಿಯ ದಕ್ಷತೆಯೊಂದೇ ಸಾಲುವುದಿಲ್ಲ.

2025ರಲ್ಲಿ ಕೌಲಾಲಂಪುರದ ಮೇಯರರನ್ನಾದರೂ ಜನರೇ ಆರಿಸಲಿ ಎಂಬ ಚರ್ಚೆ ಮತ್ತೆ ಎದ್ದಿತು. ಹಳೆಯ ಆಕ್ಷೇಪಗಳೂ ಅದೇ ಮಾತುಗಳಲ್ಲಿ ಎದ್ದವು. 1960ರ ದಶಕದ ಆರಂಭದಲ್ಲಿ ಜಾರ್ಜ್ ಟೌನ್‌ನಲ್ಲಿ ನಗರಸಭೆಗೆ ಮತ ಹಾಕಿದ ಅತಿ ಕಿರಿಯ ಮತದಾರರಿಗೂ ಈಗ ಎಂಬತ್ತು ದಾಟಿದೆ. ಅವರ ಮಕ್ಕಳು, ಮೊಮ್ಮಕ್ಕಳು ಬಾಗಿಲ ತೆರಿಗೆಯನ್ನು ಈಗ ಫೋನಿನಲ್ಲಿಯೇ ಕಟ್ಟುತ್ತಾರೆ, ಫೆಬ್ರವರಿಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ.