ಲೋಗೋ ಮೈಕು ಸಾಕು, ನೂರು ವ್ಯಾಟ್ ಕೇಳೋಣ

ನಮ್ಮ ಜೊತೆ ಪತ್ರಿಕೋದ್ಯಮ ಓದಿದವರಲ್ಲಿ ಎಷ್ಟು ಜನ ಯೂಟ್ಯೂಬ್ ಚಾನೆಲ್ ಮಾಡಿದ್ದಾರೋ ಲೆಕ್ಕ ಇಟ್ಟಿಲ್ಲ. ಸಿರುಗುಪ್ಪದಲ್ಲಿ ಒಬ್ಬ, ಕುರುಗೋಡಿನಲ್ಲಿ ಇಬ್ಬರು, ಬಳ್ಳಾರಿಯಲ್ಲಂತೂ ಓಣಿಗೊಬ್ಬರು. ಎಲ್ಲರ ಕೈಯಲ್ಲೂ ಲೋಗೋ ಅಂಟಿಸಿದ ಮೈಕು, ಎಲ್ಲ ಮೈಕೂ ಯಾರೋ ಒಬ್ಬ ಮುಖಂಡನ ಬಾಯಿ ಮುಂದೆ. ಇವರ ಹತ್ತಿರ ರೇಡಿಯೋ ಮಾತು ತೆಗೆದರೆ ‘ಅದು ಸತ್ತು ಎಷ್ಟು ವರ್ಷ ಆತಲೇ’ ಅಂತಾರೆ. ನನ್ನ ಜಗಳ ಈ ಮಾತಿನ ಜೊತೆ.

ನಾನು ಆಗ ಕೌಲ್‌ಬಜಾರಿನ ಬಾಡಿಗೆ ರೂಮಿನಲ್ಲಿದ್ದೆ. ಕೆಳಗೆ ಜೀನ್ಸ್ ಹೊಲಿಯುವ ಮಷೀನುಗಳ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಒಂದು ರಾತ್ರಿ ಫೋನಿನಲ್ಲಿ ಡಬ್ಲ್ಯುಎಫ್‌ಎಂಯು ಸಿಕ್ಕಿತು. ಅಮೆರಿಕದ ನ್ಯೂಜೆರ್ಸಿಯ ಸ್ಟೇಷನ್ನು. ಜಾಹೀರಾತಿಲ್ಲ, ಕೇಳುಗರು ಕೊಡುವ ದುಡ್ಡಿನಲ್ಲಿ ನಡೆಯುತ್ತದೆ. ಬಝ್‌ಕಾಕ್ಸ್ ಅನ್ನುವ ಇಂಗ್ಲೆಂಡಿನ ಪಂಕ್ ತಂಡದ ಹಾಡು ಬಂತು. ಸುಳ್ಳು ಯಾಕೆ, ಮೊದಲು ಕಿರಚಾಟ ಅನ್ನಿಸಿತು. ಆಮೇಲೆ ಹುಡುಕಿ ಓದಿದೆ: ಹತ್ತಿ ಗಿರಣಿಗಳ ಊರು ಮ್ಯಾಂಚೆಸ್ಟರಿನ ಹುಡುಗರು, ಮನೆಯವರು ಗೆಳೆಯರಿಂದ ಸುಮಾರು 500 ಪೌಂಡ್ ಸಾಲ ಎತ್ತಿ, ಕಂಪನಿಗೆ ಕೈ ಚಾಚದೆ 1977ರ ಜನವರಿಯಲ್ಲಿ ತಾವೇ ರೆಕಾರ್ಡು ತಂದರಂತೆ.

ಇಂಥವರನ್ನು ಕೇಳಿಸಿಕೊಳ್ಳುವ ಒಬ್ಬ ಮನುಷ್ಯ ಅಲ್ಲಿದ್ದ, ಬಿಬಿಸಿಯ ಜಾನ್ ಪೀಲ್. ಹೆಂಗಸರೇ ಹೆಚ್ಚಾಗಿ ದುಡಿಯುತ್ತಿದ್ದ ಶರ್ಟ್ ಕಾರ್ಖಾನೆಗಳ ಊರು, ಉತ್ತರ ಐರ್ಲೆಂಡಿನ ಡೆರಿ. ಅಲ್ಲಿನ ಅಂಡರ್‌ಟೋನ್ಸ್ ಹುಡುಗರ ಹಾಡನ್ನು ಪೀಲ್ 1978ರಲ್ಲಿ ಒಂದೇ ಏಟಿಗೆ ಎರಡು ಸಲ ಹಾಕಿದ. ಶರ್ಟ್ ಹೊಲಿಯುವ ಊರಿನ ದನಿ ದೇಶಕ್ಕೆಲ್ಲ ಕೇಳಿತು. ಜೀನ್ಸ್ ಹೊಲಿದು, ಫ್ಯಾಷನ್ನಿಗೆ ಅಂತ ಮಂಡಿ ಹತ್ತಿರ ಉಜ್ಜಿ ಹರಿದು ಕಳಿಸುವ ನಮ್ಮ ಊರಿನ ದನಿ?

ಈ ಪೀಲ್ ಮೊದಲು ಇದ್ದದ್ದು ಸಮುದ್ರದಲ್ಲಿ ಹಡಗು ನಿಲ್ಲಿಸಿ ನಡೆಸುತ್ತಿದ್ದ ಕಳ್ಳ ರೇಡಿಯೋದಲ್ಲಿ. 1967ರ ಆಗಸ್ಟಿನಲ್ಲಿ ಕಾನೂನು ತಂದು ಅದನ್ನೆಲ್ಲ ಬಂದ್ ಮಾಡಿಸಿದರು. ಮುಂದಿನ ತಿಂಗಳೇ ಬಿಬಿಸಿ ಹೊಸ ವಾಹಿನಿ ತೆರೆದು ಅಲ್ಲಿನವರನ್ನೇ ಕರೆದುಕೊಂಡಿತು. ನಮ್ಮಲ್ಲೂ 1952ರಲ್ಲಿ ಮಂತ್ರಿ ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡು ಹೊರಗಿಟ್ಟರು, ಜನ ಸಿಲೋನಿಗೆ ಹೋದರು. 1957ರಲ್ಲಿ ವಿವಿಧ ಭಾರತಿ ತರಬೇಕಾಯಿತು.

ತರಂಗಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೂ ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ಸಿಕ್ಕಿದ್ದು 2006ರಲ್ಲಿ. ಅದಕ್ಕೂ ಮುಂಚೆ ಕೋಲಾರದ ಬೂದಿಕೋಟೆಯವರು ‘ನಮ್ಮ ಧ್ವನಿ’ಯನ್ನು ಕೇಬಲ್ ತಂತಿಯಲ್ಲಿ ಮನೆಮನೆಗೆ ಮುಟ್ಟಿಸಿದರು. ಈಗಲೂ 100 ವ್ಯಾಟ್, ಹತ್ತು ಹದಿನೈದು ಕಿಲೋಮೀಟರ್, ಅಷ್ಟೇ. ಅದರಲ್ಲಿ ನಮ್ಮದೇ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದಂಗೇ ಮರುಪ್ರಸಾರ ಮಾಡಬಹುದು. ಸಿರುಗುಪ್ಪದ ಗದ್ದೆಗೆ ಕಾಲುವೆ ನೀರು ಯಾಕೆ ಬರಲಿಲ್ಲ ಅಂತ ಯೂಟ್ಯೂಬಿನಲ್ಲಿ ಯಾರು ಬೇಕಾದರೂ ಕೂಗಬಹುದು, ಪತ್ರಿಕೋದ್ಯಮ ಓದಿದ ನಾವು ರೇಡಿಯೋದಲ್ಲಿ ಅದನ್ನು ಸುದ್ದಿ ಮಾಡಿ ಹೇಳಬಾರದು. ಇದಕ್ಕಿಂತ ಅವಮಾನ ಬೇಕಾ? ನಮ್ಮ ಬ್ಯಾಚಿನಲ್ಲಿ ಇದಕ್ಕೆ ಸಿಟ್ಟಾದ ಒಬ್ಬನನ್ನೂ ನಾನು ನೋಡಿಲ್ಲ.

‘ಹಂಗಾದ್ರೆ ಯೂಟ್ಯೂಬೇ ವಾಸಿ ಅಲ್ಲೇನು?’ ಅಲ್ಲ. ಮಷೀನಿನ ಮೇಲೆ ಕೈ ಇಟ್ಟವರಿಗೆ, ಬಗ್ಗಿ ಭತ್ತ ನಾಟಿ ಮಾಡುವ ಅಕ್ಕಂದಿರಿಗೆ ಕಣ್ಣು ಕೈ ಎರಡೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಮೇಲಾಗಿ ಫೋನು ನಿನ್ನೆ ನೋಡಿದ್ದನ್ನೇ ಇವತ್ತೂ ತಂದು ಎದುರಿಗಿಡುತ್ತದೆ. ಕೇಳದೇ ಇದ್ದದ್ದನ್ನು ಹಠ ಹಿಡಿದು ಕೇಳಿಸುವುದಕ್ಕೆ ಮನುಷ್ಯ ಬೇಕು. ದರೋಜಿಯ ಈರಮ್ಮ ಅಕ್ಷರ ಕಲಿತವರಲ್ಲ, ಬುರ್ರಕಥೆಯ ದೊಡ್ಡ ದೊಡ್ಡ ಕಾವ್ಯಗಳೆಲ್ಲ ಬಾಯಿಪಾಠ. 2014ರಲ್ಲಿ ತೀರಿಕೊಂಡರು. ಅವರ ಕಾವ್ಯ ಪುಸ್ತಕವಾಯಿತು, ಸಂತೋಷ. ಆದರೆ ಆ ಗಂಟಲು ಪುಸ್ತಕದಲ್ಲಿ ಹೆಂಗೆ ಕೇಳಬೇಕು?

ಬಳ್ಳಾರಿಯ 100 ವ್ಯಾಟ್ ಕುರುಗೋಡಿಗೇ ಮುಟ್ಟಲ್ಲ, ಸಿರುಗುಪ್ಪ ಇನ್ನೂ ದೂರ. ಮೂರು ಕಡೆ ಮೂರು ಬೇಕು. ಪರವಾನಗಿ ಒಬ್ಬ ವ್ಯಕ್ತಿಗೆ ಕೊಡಲ್ಲ, ನೋಂದಣಿಯಾಗಿ ಕೆಲವು ವರ್ಷವಾದ ಸಂಸ್ಥೆಗೇ ಕೊಡೋದು. ಅದಕ್ಕೇ ಕುರುಗೋಡಿನ ಚಾನೆಲ್ ಅಣ್ಣಂದಿರೇ, ಸಂಘದ ಕಾಗದ ಈ ತಿಂಗಳೇ ಮಾಡಿಸೋಣ, ಸುದ್ದಿ ನಿಷೇಧ ತೆಗೀರಿ ಅಂತ ಅರ್ಜಿಯನ್ನೂ ಜೊತೆಗೇ ಬರೆಯೋಣ. ಮೊದಲ ರಾತ್ರಿ ಬುರ್ರಕಥೆ ಮುಗಿದ ಮೇಲೆ ಬಝ್‌ಕಾಕ್ಸ್ ನಾನು ಹಾಕ್ತೀನಿ. ಕಿರಚಾಟ ಅನ್ನಿಸಿದರೆ ಸ್ಟೇಷನ್ನಿಗೆ ಫೋನ್ ಮಾಡಿ ಬೈರಿ.