ಕಡಲಾಚೆಯ ತಟ್ಟೆ, ಊರಿನ ನೆಮ್ಮದಿ

"ಹುಡುಗ ಇಟಲಿಯಲ್ಲಿದ್ದಾನೆ, ಆದರೂ ಮಾಂಸ ಮುಟ್ಟಿಲ್ಲ" ಎಂಬ ಮಾತನ್ನು ಮಲೆನಾಡಿನ ಶ್ರಾವಕ ಕುಟುಂಬಗಳು ಇಂದು ಪ್ರಶಸ್ತಿಪತ್ರದಂತೆ ಬಳಸುತ್ತಿವೆ. ಭಂಡಿಗಡಿ, ಕೊಪ್ಪ, ಶೃಂಗೇರಿಗಳ ಸೀಮೆಯವರು ಮಿಲಾನಿಗೋ ಟ್ಯುರಿನ್ನಿಗೋ ಓದಲು, ದುಡಿಯಲು ಹೋದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಮನುಷ್ಯರಿಗಿಂತ ಮೊದಲು ಆ ದಾರಿ ಹಿಡಿದದ್ದು ಮಲೆನಾಡಿನ ಕಾಫಿ. ಭಾರತದ ಕಾಫಿಗೆ ಬಹುಕಾಲದಿಂದ ಇಟಲಿಯೇ ಅತಿ ದೊಡ್ಡ ಗಿರಾಕಿ. ಹೋದ ಮಗನಿಗೆ ಮನೆಯವರು ದೂರವಾಣಿಯಲ್ಲಿ ಊಟದ ಬಗ್ಗೆ ಒಂದೇ ಪ್ರಶ್ನೆ ಕೇಳುತ್ತಾರೆ. ಬ್ರೆಡ್ಡು, ಪಾಸ್ತಾ, ಚೀಸು ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಎರಡೂ ಕಡೆ ನೆಮ್ಮದಿ. ಆ ನೆಮ್ಮದಿ ನಿಂತಿರುವುದು ಅಜ್ಞಾನದ ಮೇಲೆ.

ಪಾರ್ಮಾ, ರೆಜ್ಜೊ ಎಮಿಲಿಯಾ ಪ್ರಾಂತಗಳ ಪ್ರಸಿದ್ಧ ಪಾರ್ಮಿಜಾನೊ ಚೀಸನ್ನೇ ತೆಗೆದುಕೊಳ್ಳಬಹುದು. ಅದರ ಹಾಲನ್ನು ಒಡೆಸುವ ರೆನೆಟ್ ಎಂಬ ಹೆಪ್ಪು ಹಾಲುಗರುವಿನ ಜಠರದಿಂದ, ಅಂದರೆ ಕೊಂದ ಕರುವಿನಿಂದ ಬರುತ್ತದೆ. ಇದು ಯಾರೂ ಮುಚ್ಚಿಟ್ಟ ಗುಟ್ಟಲ್ಲ. ಆ ಹೆಸರಿನಲ್ಲಿ ಚೀಸನ್ನು ಮಾರಬೇಕಾದರೆ ಕರುವಿನ ರೆನೆಟ್ಟನ್ನೇ ಬಳಸಬೇಕೆಂಬುದು ಅದರ ಕಟ್ಟಳೆ. ಪೆಕೊರಿನೊ ರೊಮಾನೊ ಚೀಸಿಗೆ ಕುರಿಮರಿಯ ರೆನೆಟ್. ಭಾರತದಲ್ಲಿ ಹಸಿರು ಚುಕ್ಕೆಯ ಚೀಸನ್ನು ಪ್ರಾಣಿಜನ್ಯವಲ್ಲದ ಹೆಪ್ಪಿನಿಂದ ಮಾಡುವುದರಿಂದ ಇಲ್ಲಿಯ ತಾಯಂದಿರಿಗೆ ಸಂಶಯವೇ ಬರುವುದಿಲ್ಲ. ಹುಡುಗನಿಗೆ ಒಂದು ದಿನ ಸಂಶಯ ಬಂದರೂ ಅವನು ಊರಿಗೆ ಹೇಳುವುದಿಲ್ಲ.

ಇದಕ್ಕೊಂದು ಸಮಜಾಯಿಷಿ ಸಿದ್ಧವಾಗಿದೆ: ಕರುವನ್ನು ಕೊಂದದ್ದು ಮಾಂಸಕ್ಕಾಗಿ, ಚೀಸಿಗೆ ಬಿದ್ದದ್ದು ಚಿಟಿಕೆಯಷ್ಟು, ತಿನ್ನುವವನ ಸಂಕಲ್ಪವೇನೂ ಅದರಲ್ಲಿಲ್ಲ. ಆದರೆ ಕೃತ, ಕಾರಿತ, ಅನುಮತ ಎಂಬ ಮೂರು ಬಾಗಿಲುಗಳನ್ನು ಹಿರಿಯರು ಗುರುತಿಸಿದ್ದು ಇಂತಹ ಜಾಣತನಕ್ಕಾಗಿಯೇ ಅಲ್ಲವೆ? ತಿಳಿಯದೆ ತಿಂದದ್ದು ಬೇರೆ, ತಿಳಿದ ಮೇಲೆ ಹಣ ಕೊಟ್ಟು ಕೊಳ್ಳುವುದು ಬೇರೆ. 1888ರಲ್ಲಿ ಲಂಡನ್ನಿಗೆ ಹೊರಟ ಮೋಹನದಾಸ ಗಾಂಧಿಯವರಿಗೆ ಮದ್ಯ, ಮಾಂಸ, ಸ್ತ್ರೀಸಂಗ ವರ್ಜನದ ಪ್ರತಿಜ್ಞೆ ಮಾಡಿಸಿದವರು ಬೇಚರ್‌ಜಿ ಸ್ವಾಮಿ ಎಂಬ ಜೈನ ಸಾಧುಗಳು. ಮೊಟ್ಟೆ ಮಾಂಸವಲ್ಲವೆಂಬ ವಾದಕ್ಕೆ ಒಲಿದು ಗಾಂಧಿಯವರು ಅಲ್ಲಿ ಕೆಲಕಾಲ ಮೊಟ್ಟೆ ತಿಂದದ್ದೂ ಉಂಟು. ಆಮೇಲೆ ಅದನ್ನು ಬಿಟ್ಟರು. ಮಾಂಸವೆಂದರೆ ತಾಯಿ ಏನೆಂದು ತಿಳಿದಿದ್ದರೋ ಆ ಅರ್ಥವೇ ಪ್ರತಿಜ್ಞೆಯ ಅರ್ಥವೆಂದು ಅವರು ತೀರ್ಮಾನಿಸಿದ್ದರು. ಸಿಂಹನಗದ್ದೆಯ ಜ್ವಾಲಾಮಾಲಿನಿಗೆ ಹರಕೆ ಹೊತ್ತು ಮಗನನ್ನು ಕಳುಹಿಸಿದ ತಾಯಿಗೆ ಕರುವಿನ ಜಠರದ ಸಂಗತಿಯನ್ನು ಬಿಡಿಸಿ ಹೇಳಿದರೆ ಆಕೆ ಒಪ್ಪುವಳೆ? ಚಿಟಿಕೆಯ ಲೆಕ್ಕ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಗುಂಪಿನವರು ಇನ್ನೂ ಸುಲಭದ ಮಾತಾಡುತ್ತಾರೆ: ಹೋಗಲೇಬಾರದು, ಹೋದರೆ ಯಾರೊಡನೆಯೂ ಕೂತು ಉಣ್ಣಬಾರದು. ಮನೆಯ ಊಟದ ಮೇಜಿನ ಸುತ್ತಲೇ ಸ್ನೇಹ ಬೆಳೆಸುವ ಜನರ ನಡುವೆ ಬದುಕುವ ಒಂಟಿ ಹುಡುಗನಿಗೆ ಇದು ಧರ್ಮೋಪದೇಶವಲ್ಲ, ಬಹಿಷ್ಕಾರದ ಶಿಕ್ಷೆ. ಇಟಲಿಯವರೊಡನೆ ಊಟದ ನಿಯಮ ಮಾತಾಡಲು ನಾಚಬೇಕಾದ್ದೂ ಇಲ್ಲ. ಯಾವುದಕ್ಕೆ ಯಾವ ಎಣ್ಣೆ, ಯಾವ ಹೊತ್ತಿಗೆ ಯಾವ ಕಾಫಿ ಎಂದು ಅವರೇ ಮಡಿವಂತರಂತೆ ವಾದಿಸುತ್ತಾರೆ. ಗಟ್ಟಿ ಗೋಧಿಯ ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಲ್ಲ, ಹಸಿ ತಾಲ್ಯತೆಲ್ಲೆಯಲ್ಲಿ ಇದೆ. ಲಿಗೂರಿಯಾ ಸೀಮೆಯ ಫರಿನಾತ ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪಿನ ತಿನಿಸು. ರೊಮಾನ್ಯದ ರೊಟ್ಟಿಯಂತಹ ಪಿಯದೀನ ನೋಡಲು ಎಷ್ಟು ನಿರಪಾಯಕರವೋ ಅಷ್ಟೇ ಮೋಸದ್ದು. ಅದರ ಹಳೆಯ ಕ್ರಮದಲ್ಲಿ ಹಂದಿಯ ಕೊಬ್ಬು ಬೀಳುತ್ತದೆ. ಚೀಸಿನ ಚೀಟಿಯ ಮೇಲೆ ಹೆಪ್ಪಿಗೆ 'ಕಾಲ್ಯೊ' ಎಂಬ ಪದವಿರುತ್ತದೆ. ಪಕ್ಕದಲ್ಲಿ 'ವೆಜೆತಾಲೆ' ಎಂದಿದ್ದರೆ ಅದು ಸಸ್ಯಜನ್ಯ. ಇಷ್ಟು ತಿಳಿದವನು ನೆರೆಯವರ ಮನೆಯಲ್ಲಿ ತಲೆಯೆತ್ತಿ ಕೂತು ಉಣ್ಣಬಲ್ಲ.

ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಖಂಭಾತಿನಲ್ಲಿ ಹಕ್ಕಿಗಳ ಆಸ್ಪತ್ರೆಯನ್ನು ಕಂಡ. ತಾಯಿಯಿಲ್ಲದ ಇಲಿಮರಿಗಳನ್ನು ಹತ್ತಿಯಲ್ಲಿಟ್ಟು ಗರಿಯಿಂದ ಹಾಲುಣಿಸುತ್ತಿದ್ದ ಮುದುಕನನ್ನು ಗೇಲಿಯಿಲ್ಲದೆ ಬರೆದಿಟ್ಟ. ಅದೇ ವರ್ಷ ಗೇರುಸೊಪ್ಪೆಯ ಮೇಲೆ ಘಟ್ಟವೇರಿ ಇಕ್ಕೇರಿಗೆ ಬಂದವನು ಸೆಗಣಿ ಸಾರಿಸಿದ ನೆಲವನ್ನು ಮೆಚ್ಚಿ, ಇಟಲಿಯಲ್ಲೂ ಪರೀಕ್ಷಿಸಬೇಕೆಂದುಕೊಂಡ. ಪರದೇಶಿಯಾಗಿ ಬಂದ ಅವನಿಗೆ ಕೇಳಿ ತಿಳಿಯುವ ವಿನಯವಿತ್ತು. ಆ ವಿನಯವನ್ನು ಇಲ್ಲಿಂದ ಹೋಗುವವರಿಗೆ ಯಾವ ಪಾಠಶಾಲೆ ಕಲಿಸುತ್ತಿದೆ?

ತಟ್ಟೆಯಲ್ಲಿ ತರಕಾರಿಯಷ್ಟೇ ಇದ್ದರೆ ಅಹಿಂಸೆ ಮುಗಿಯಿತೆಂಬ ಭಾವನೆಯೂ ಟೊಳ್ಳು. 2024ರ ಜೂನ್‌ನಲ್ಲಿ ರೋಮಿನ ದಕ್ಷಿಣದ ಲಾತಿನಾ ಪ್ರಾಂತದ ಹೊಲವೊಂದರಲ್ಲಿ ಸತ್ನಾಮ್ ಸಿಂಗ್ ಎಂಬ ಭಾರತೀಯ ಕೂಲಿಕಾರನ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆತನನ್ನು ಆಸ್ಪತ್ರೆಗೆ ಒಯ್ಯದೆ ಮನೆಯ ಮುಂದೆ ಬಿಟ್ಟುಹೋದರು. ಜೂನ್ 19ರಂದು ಆತ ತೀರಿಕೊಂಡ. ಇಂತಹ ಹೊಲಗಳಿಂದಲೂ ಪೇಟೆಗೆ ತರಕಾರಿ ಬರುತ್ತದೆ. ಇಟಲಿಯವರನ್ನು ದೂರುವ ಮುನ್ನ ಮಲೆನಾಡಿನ ತೋಟದೊಡೆಯರು ತಮ್ಮ ತೋಟದ ಲೈನುಮನೆಗಳ ಸೋರುವ ಹೆಂಚನ್ನು, ಅಸ್ಸಾಮಿನಿಂದ ಬಂದ ಆಳಿನ ಗಾಯವನ್ನು ಒಮ್ಮೆ ನೋಡಿಬರಲಿ.

ರಾತ್ರಿಭೋಜನ ತ್ಯಾಗದ ವಿಷಯದಲ್ಲಂತೂ ಊರಿನವರ ಉಪದೇಶಕ್ಕೆ ನಕ್ಷೆಯ ಪರಿಚಯವೇ ಇಲ್ಲ. ಮಿಲಾನಿನಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 9 ಗಂಟೆ ದಾಟಿದ ಮೇಲೆ. ಅಲ್ಲಿಯವರ 8 ಗಂಟೆಯ ಊಟವೂ ವ್ರತದೊಳಗೇ ಬೀಳುತ್ತದೆ. ಡಿಸೆಂಬರಿನಲ್ಲಿ ಸಂಜೆ 4.40ರ ಹೊತ್ತಿಗೆ ಕತ್ತಲು, ಕಚೇರಿ ಬಿಡುವುದು ಇನ್ನೂ ಒಂದೆರಡು ತಾಸಿನ ಮೇಲೆ. ಬುತ್ತಿ ಕಟ್ಟಿಕೊಂಡು ಹೋಗಿ 4 ಗಂಟೆಗೆ ಉಣ್ಣು ಎಂದು ಹೇಳುವವರು ಬೇಕು. "ನಿಯಮ ತಪ್ಪಬೇಡ" ಎಂದಷ್ಟೇ ಹೇಳುವುದರಿಂದ ಪ್ರಯೋಜನವಿಲ್ಲ.

ಬಸದಿಗಳ ಟ್ರಸ್ಟುಗಳು ಇಲ್ಲಿ ತಮ್ಮ ಪಾಲನ್ನು ಕೇಳಿಸಿಕೊಳ್ಳಬೇಕು. ಜೀರ್ಣೋದ್ಧಾರದ ಮನವಿಪತ್ರ ಕಡಲಾಚೆಯ ವಿಳಾಸಗಳಿಗೆ ತಪ್ಪದೆ ತಲುಪುತ್ತದೆ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದೂ ತಪ್ಪುವುದಿಲ್ಲ. ಅದೇ ಲಕೋಟೆಯಲ್ಲಿ ಎಂಟು ಪುಟದ ಕೈಪಿಡಿಯೊಂದು ಹೋಗಲಿ: ಚೀಸಿನ ಚೀಟಿ ಓದುವ ಬಗೆ, ಕೊಬ್ಬಿನ, ಮೊಟ್ಟೆಯ, ಜೆಲಾಟಿನ್ನಿನ ಇಟಾಲಿಯನ್ ಹೆಸರುಗಳು, ಅಲ್ಲಿ ಐದಾರು ವರ್ಷ ಬಾಳಿದವರು ತಿಳಿಸಿದ ಅಡುಗೆ. ದಶಲಕ್ಷಣ ಪರ್ವದ ಹತ್ತು ದಿನ ಮಿಲಾನಿನಲ್ಲಿ ಸೂರ್ಯ ಮುಳುಗುವ ವೇಳೆಯನ್ನು ಮುದ್ರಿಸಲು ಹಿಂಬದಿಯ ರಟ್ಟಿನಲ್ಲಿ ಅಂಗೈಯಗಲ ಜಾಗ ಸಾಕು.